ನಿಂಗಕ್ಕನ ಉಯಿಲಿನ ಹೆಬ್ಬೆಟ್ಟು

ಹನ್ನೊಂದನೇ ದಿನದ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಮಾರಪ್ಪ ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದ.

ಸತ್ತವಳು ಹೊರಕೆರೆದೇವಪುರದ ನಿಂಗಕ್ಕ. ಗಂಡ ಕಾಟಲಿಂಗಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಚಂದ್ರಕ್ಕ. ಅವಳೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಹೆಣ್ಣು ಕೂಸು ಎತ್ತಿಕೊಂಡು ತವರಿಗೆ ಬಂದವಳು. ಮಾರಪ್ಪ ನಿಂಗಕ್ಕನ ಮೈದುನನ ಮಗ. ಜಗಲಿಯ ಮೇಲೆ ಕೂತಿದ್ದ ಹಿರಿಯರ ಮುಂದೆ ಅವನು ಗಂಟಲು ಸರಿಮಾಡಿಕೊಂಡು ಓದತೊಡಗಿದ. ದೊಡ್ಡವ್ವ ಹೋದ ಕಾರ್ತಿಕದಲ್ಲಿ, ಅಂದರೆ ಎಪ್ಪತ್ತನಾಲ್ಕರ ನವೆಂಬರಿನಲ್ಲಿ, ಹೊಳಲ್ಕೆರೆಗೆ ಹೋಗಿ ಉಯಿಲು ರಿಜಿಸ್ಟರ್ ಮಾಡಿಸಿದ್ದಾಳೆ. ವಾಸದ ಮನೆ, ನಾಲ್ಕೆಕರೆ ಹೊಲ, ಎಲ್ಲ ಮಾರಪ್ಪನಿಗೆ. ಯಾಕೆ? ಅದನ್ನೂ ಬರೆಸಿದ್ದಾಳೆ:

“ನನ್ನ ಮಗಳಾದ ಚಂದ್ರಕ್ಕಳು ನಡತೆಗೆಟ್ಟು ಮನೆತನದ ಮಾನ ಕಳೆದಿರುವುದರಿಂದ ಅವಳಿಗೆ ನನ್ನ ಆಸ್ತಿಯಲ್ಲಿ ಯಾವ ಹಕ್ಕೂ ಇರತಕ್ಕದ್ದಲ್ಲ.”

ಚಂದ್ರಕ್ಕ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳಂತೆ. ಬೂದಿ ಕೈಯಲ್ಲೇ ಬಂದು ನಿಂತು ಇನ್ನೊಂದು ಸಲ ಓದು ಅಂದಳಂತೆ. ಮಾರಪ್ಪ ಓದಿದ. ಅವಳು ಅಳಲಿಲ್ಲ, ಕೂಗಾಡಲಿಲ್ಲ. “ಅವ್ವ ಹಂಗಂದ್ಲಾ?” ಅಂತ ಒಂದೇ ಮಾತು ಕೇಳಿದಳು. ಹಿರಿಯರು ಎಲೆ ಅಡಿಕೆ ತಟ್ಟೆಗೆ ಕೈ ಹಾಕಿದರು.

ನಾನು ಅಲ್ಲಿರಲಿಲ್ಲ. ಇದೆಲ್ಲ ಆಮೇಲೆ ಕೇಳಿದ್ದು. ಆದರೆ ಆ ಸಾಲು ಬರೆದ ಕೈ ನನ್ನದು.

ನನ್ನ ಹೆಸರು ಶಿವಯ್ಯ. ಹೊಳಲ್ಕೆರೆಯ ರಿಜಿಸ್ಟರ್ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ಇಪ್ಪತ್ತೇಳು ವರ್ಷದಿಂದ ಕ್ರಯಪತ್ರ, ದಾನಪತ್ರ, ಉಯಿಲು ಬರೆಯುತ್ತ ಹೊಟ್ಟೆ ಹೊರೆದವನು. ಊರವರು ನನ್ನ ಅಕ್ಷರವನ್ನು ಹೊಗಳುತ್ತಾರೆ. ಅಕ್ಷರ ದುಂಡಗಿದ್ದರೆ ಸಾಕೇ? ಹಾಳಾದ್ದು, ಮನುಷ್ಯನಿಗೆ ಕಿವಿಯೂ ನೆಟ್ಟಗಿರಬೇಕು. ಈ ಕಥೆ ಹೇಳುವಾಗ ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ. ಆದರೂ ಹೇಳುತ್ತೇನೆ.

ಎಪ್ಪತ್ತೈದರ ಬೇಸಿಗೆ. ದುರ್ಗದ ಬಸ್ಸಿನಿಂದ ಇಳಿದ ಒಬ್ಬ ಮುದುಕರು ನೇರವಾಗಿ ನನ್ನ ಬೆಂಚಿಗೆ ಬಂದು ಕೂತರು. ಮೀಸೆ ನೋಡಿದರೆ ಪೋಲೀಸು, ನಡಿಗೆ ನೋಡಿದರೆ ಮಂಡಿನೋವು. ತಾಜುದ್ದೀನ್ ಸಾಹೇಬರು, ಮೂವತ್ತು ವರ್ಷ ಇಲಾಖೆಯಲ್ಲಿದ್ದು ದಫೇದಾರರಾಗಿ ನಿವೃತ್ತರಾದವರು. ಈಗ ದುರ್ಗದ ವಕೀಲರೊಬ್ಬರಿಗೆ ಸಾಕ್ಷಿ ಪುರಾವೆ ಹುಡುಕಿಕೊಡುವ ಕೆಲಸ. ಚಂದ್ರಕ್ಕ ಆ ವಕೀಲರ ಹತ್ತಿರ ಹೋಗಿದ್ದಳು. ಶ್ರಾವಣ ಹುಟ್ಟುವುದರೊಳಗೆ ಮನೆ ಖಾಲಿ ಮಾಡಬೇಕು ಅಂತ ಮಾರಪ್ಪ ಗಡುವು ಕೊಟ್ಟಿದ್ದನಂತೆ.

ದಫೇದಾರರು ಉಯಿಲಿನ ನಕಲನ್ನು ನನ್ನ ಮುಂದೆ ಬಿಡಿಸಿಟ್ಟರು.

“ನಿಮ್ಮ ಕೈಬರಹಾನಾ ಶಿವಯ್ಯೋರೆ?”

“ಹೌದು.”

“ಬರೆಸಿದ ಹೆಂಗಸನ್ನ ಮೊದ್ಲೇ ಕಂಡಿದ್ರಾ?”

“ಇಲ್ಲ. ಹೊರಕೆರೆದೇವಪುರದೋರು. ನನಗೆ ಗುರುತಿಲ್ಲ.”

“ಓದಿ ಹೇಳಿದ್ರಾ?”

“ಹೇಳಿದೆ.”

“ಒಪ್ಪಿದ್ಲಾ?”

“ಒಪ್ಪಿದ್ಲು.”

ಸುಳ್ಳು. ಎರಡೂ ಸುಳ್ಳು. ಪ್ರತಿ ಪತ್ರದ ಕೊನೆಗೆ ‘ಓದಿ ಹೇಳಿ ಕೇಳಿಸಲಾಗಿ ಒಪ್ಪಿದ್ದು ಸರಿ’ ಎಂದು ಬರೆಯುವುದು ನಮ್ಮ ಪದ್ಧತಿ. ಬರೆದಿದ್ದೆ. ಓದಿರಲಿಲ್ಲ. ಯಾಕೆ ಓದಲಿಲ್ಲ ಅಂದರೆ, ಆ ಕೆಲಸ ತಂದವರು ಬೋರಯ್ಯ ಮೇಷ್ಟ್ರು. ನನಗೆ ಅಕ್ಷರ ತಿದ್ದಿಸಿದ ಗುರುಗಳು. ಈ ದುಂಡನೆಯ ಅಕ್ಷರ ಅವರು ಬೆರಳು ಹಿಡಿದು ಕೊಟ್ಟದ್ದು. ಇಪ್ಪತ್ತೇಳು ವರ್ಷದಿಂದ ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ. ಹೆಡ್ಮಾಸ್ಟರಾಗಿ ನಿವೃತ್ತರಾಗಿ ಹೊಸದುರ್ಗದಲ್ಲಿದ್ದಾರೆ. ಅವರ ಒಬ್ಬಳೇ ಮಗಳನ್ನು ಮಾರಪ್ಪನಿಗೇ ಕೊಟ್ಟಿರುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೇನು? ಮೇಷ್ಟ್ರ ಮೇಲೆ ಅನುಮಾನ ಪಡುವ ನಾಲಗೆ ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ. ಅವರು ನಿಂತು ಹೇಳಿದರು, ನಾನು ಕೂತು ಬರೆದೆ. ಆ ಹೆಂಗಸು ತಲೆತುಂಬ ಸೆರಗು ಹೊದ್ದು ಮರದ ಬುಡದಲ್ಲಿ ಆಚೆ ಮುಖ ಮಾಡಿ ಕೂತಿತ್ತು. ಮೇಷ್ಟ್ರು ಹೇಳಿದ್ದನ್ನು ಮತ್ತೆ ಅವರ ಮುಂದೆಯೇ ಗಟ್ಟಿಯಾಗಿ ಓದಿ ತಾಳೆ ನೋಡುವುದು ಉದ್ಧಟತನ ಅನ್ನಿಸಿತು ನನಗೆ.

ದಫೇದಾರರು ನನ್ನ ಮುಖವನ್ನೊಮ್ಮೆ ನೋಡಿ, ನಕಲನ್ನು ಮಡಿಚಿ, ನಾಳೆ ಬರುತ್ತೇನೆ ಅಂದು ಎದ್ದುಹೋದರು.

ಮಾರನೇ ದಿನ ಅವರ ಜೊತೆ ಚಂದ್ರಕ್ಕನೂ ಬಂದಳು. ನಲವತ್ತೈದರ ಹೆಂಗಸು, ಬಿಸಿಲಿಗೆ ಕಂದಿದ ಮುಖ. ಉಯಿಲಾದ ವಾರ ಅವಳು ಊರಲ್ಲಿರಲಿಲ್ಲ. ಭರಮಸಾಗರಕ್ಕೆ ಮಗಳ ಬಾಣಂತನಕ್ಕೆ ಹೋಗಿದ್ದಳು. ಹಾಗಾಗಿ ಅವ್ವ ಹೊಳಲ್ಕೆರೆಗೆ ಬಂದಿದ್ದಳೋ ಇಲ್ಲವೋ ಅವಳು ಆಣೆ ಮಾಡಿ ಹೇಳುವ ಹಾಗಿರಲಿಲ್ಲ. ಉಯಿಲಿನ ಸುದ್ದಿ ಭರಮಸಾಗರದವರೆಗೂ ಮುಟ್ಟಿತ್ತು. ಬೀಗರು ಹೇಳಿ ಕಳಿಸಿದ್ದರಂತೆ: ಹೆತ್ತ ತಾಯಿಯೇ ನಡತೆಗೆಟ್ಟವಳು ಅಂತ ಬರೆಸಿಟ್ಟ ಮೇಲೆ ನಿಮ್ಮ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ, ನೀವೂ ಬರಬೇಡಿ. ಮೊಮ್ಮಗುವಿನ ಮುಖ ನೋಡಿ ನಾಲ್ಕು ತಿಂಗಳಾಗಿತ್ತು.

“ಹೊಲ ಹೋದ್ರೆ ಹೋಗ್ಲಿ, ಕೂಲಿ ಮಾಡ್ತೀನಿ,” ಎಂದಳು ನನ್ನ ಕಡೆ ತಿರುಗಿ. “ನೀವು ಬರೆದೋರು. ನಮ್ಮವ್ವ ನನ್ನ ಬಗ್ಗೆ ಆ ಮಾತು ಅಂದ್ಲಾ, ಇಲ್ಲಾ? ಅದೊಂದು ಹೇಳ್ರಿ ಅಣ್ಣಾ, ಸಾಕು.”

ಹೇಳಬಹುದಿತ್ತು. ಆ ಹೆಂಗಸಿನ ಬಾಯಿಂದ ಆ ಮಾತು ಬರಲಿಲ್ಲ ತಾಯಿ, ಮೇಷ್ಟ್ರು ಹೇಳಿದ್ದನ್ನು ಬರೆದೆ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಿದರೆ ಓದಿಲ್ಲ ಎಂಬುದು ಬಯಲಾಗುತ್ತದೆ, ಮರದ ಕೆಳಗಿನ ಜಾಗ ಹೋಗುತ್ತದೆ, ಮೇಷ್ಟ್ರ ಹೆಸರು ಬರುತ್ತದೆ. ಪೆನ್ನಿನ ಮುಚ್ಚಳ ಕಾಣೆಯಾಗಿದೆ ಅನ್ನುವ ಹಾಗೆ ಮೇಜಿನ ಕೆಳಗೆ ಬಗ್ಗಿ ಹುಡುಕಿದೆ. ಮುಚ್ಚಳ ಪೆನ್ನಿಗೇ ಇತ್ತು. ಅವಳು ಕಾದು ನೋಡಿ ಆಚೆ ತಿರುಗಿದಳು. ಥೂ ನನ್ನ ಜನ್ಮಕ್ಕೆ.

ತನಿಖೆ ಶುರುವಾಯಿತು. ನಿಂಗಕ್ಕನ ನಿಜವಾದ ಹೆಬ್ಬೆಟ್ಟಿನ ಗುರುತು ಎಲ್ಲಾದರೂ ಸಿಕ್ಕರೆ ಒಂದೇ ದಿನದ ಕೆಲಸ. ಸಿಗಲಿಲ್ಲ. ಹೊಲ, ಮನೆ ಎರಡೂ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಕೊಟ್ಟವನು ರುಜು ಹಾಕಿದ್ದ, ಅವಳು ಹಾಕಬೇಕಾಗಿ ಬಂದಿರಲಿಲ್ಲ. ಆಮೇಲೆ ಅವಳು ಮಾರಲಿಲ್ಲ, ಅಡವಿಡಲಿಲ್ಲ. ಹೆಬ್ಬೆಟ್ಟು ಮಣ್ಣಿನ ಜೊತೆ ಮಣ್ಣಾಗಿತ್ತು.

ಹಾಗಾದರೆ ಬೇರೆ ಮುದುಕಿಯನ್ನು ಕೂರಿಸಿದರೇ? ಮಾರಪ್ಪನ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು, ಅವನ ತಾಯಿ ಬೋರಕ್ಕ. ವಯಸ್ಸು ಸರಿಹೋಗುತ್ತಿತ್ತು. ಗಂಡ ತೀರಿಕೊಂಡಿದ್ದ. ಓರಗಿತ್ತಿ ನಿಂಗಕ್ಕನ ಮೇಲೆ ಹಳೇ ಹೊಟ್ಟೆಯುರಿಯೂ ಇತ್ತು. ಅನುಮಾನ ಅವಳ ಮೇಲೆ ಹೋಗದೆ ಇನ್ನಾರ ಮೇಲೆ ಹೋಗಬೇಕು?

ದಫೇದಾರರು ನನ್ನನ್ನೂ ಕಟ್ಟಿಕೊಂಡು ಹೊರಕೆರೆದೇವಪುರಕ್ಕೆ ಹೋದರು. ಮಾರಪ್ಪ ಬಾಗಿಲಲ್ಲೇ ಅಡ್ಡ ನಿಂತ. ರಿಜಿಸ್ಟರಾದ ಪತ್ರ, ಅಧಿಕಾರಿಯ ಮುಂದೆ ಆದದ್ದು, ಕೋರ್ಟಿನಲ್ಲಿ ಮಾತಾಡೋಣ ಅಂದ. ಅವನ ಬೆನ್ನ ಹಿಂದಿನಿಂದ ಬೋರಕ್ಕ ಬಂದಳು. ವಿಷಯ ಕೇಳಿ ಉರಿದುಬಿದ್ದಳು. ಅವಳೇ ದಫೇದಾರರು ತಂದಿದ್ದ ಶಾಯಿ ಮೆತ್ತೆಯ ಮೇಲೆ ಹೆಬ್ಬೆಟ್ಟು ಅದ್ದಿ ಕಾಗದಕ್ಕೆ ಕುಟ್ಟಿದಳು.

“ತಗಳ್ರಿ. ಹತ್ತೂ ಬೆರಳು ಬೇಕಾದ್ರೂ ತಗಳ್ರಿ. ನಾನು ಹೊಳಲ್ಕೆರೆ ಕಚೇರಿ ಯಾವ ದಿಕ್ಕಿಗೈತೆ ಅಂತ ಕಂಡೋಳಲ್ಲ.”

ಕಚೇರಿಯಲ್ಲಿ ಹೆಬ್ಬೆಟ್ಟಿನ ಪುಸ್ತಕ ಅಂತ ಒಂದಿರುತ್ತದೆ. ಪತ್ರ ಬರೆಸಿದವರೆಲ್ಲರ ಗುರುತು ಅದರಲ್ಲಿ. ದಫೇದಾರರು ಭೂತಗನ್ನಡಿ ಹಿಡಿದು ತಾಳೆ ನೋಡಿದರು. ಬೋರಕ್ಕನದು ಸುಳಿ. ಪುಸ್ತಕದಲ್ಲಿದ್ದದ್ದು ಬಿಲ್ಲಿನ ಹಾಗೆ ಬಾಗಿದ ಗೆರೆ. ಯಾವ ಜನ್ಮಕ್ಕೂ ಒಂದಾಗುವ ಹಾಗಿರಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಎಷ್ಟು ನೀಚ ಸಮಾಧಾನ ನೋಡಿ! ಬಂದವಳು ನಿಂಗಕ್ಕನೇ ಆಗಿದ್ದರೆ ನಾನು ಬಚಾವು ಅಂತ.

ಗುಟ್ಟು ಸಿಕ್ಕಿದ್ದು ಕರೀಂ ಸಾಬರ ಬಾಯಲ್ಲಿ. ಅವರು ಕಚೇರಿಯ ಮುಂದೆ ಛಾಪಾ ಕಾಗದ ಮಾರುವವರು. ಕರೆದವರಿಗೆಲ್ಲ ಸಾಕ್ಷಿ ಹಾಕುವುದೂ ಉಂಟು. ನಿಂಗಕ್ಕನ ಉಯಿಲಿಗೂ ಹಾಕಿದ್ದರು. ಮೂವರೂ ಟೀ ಕುಡಿಯುತ್ತ ಕೂತಿದ್ದೆವು. ಆ ಹೆಂಗಸು ಹೇಗಿದ್ದಳು ಅಂತ ದಫೇದಾರರು ಕೇಳಿದರು. ಮುಖ ಸರಿಯಾಗಿ ಕಾಣಲಿಲ್ಲ, ಆದರೆ ಧೈರ್ಯದ ಹೆಂಗಸು ಅಂತ ಕರೀಂ ಸಾಬರು ಹೊಗಳಿದರು. “ರಿಜಿಸ್ಟ್ರಾರ್ ಸಾಹೇಬ್ರು ಗಂಡನ ಹೆಸರೇನು ಅಂದ್ರು. ಬ್ಯಾರೇರಾಗಿದ್ರೆ ಸೆರಗು ಕಚ್ಕೊಂಡು ಅರ್ಧ ಗಂಟೆ ಕುಂತಿರೋರು. ಈಕೆ ಕಾಟಲಿಂಗಪ್ಪ ಅಂದ್ಬಿಟ್ಲು ನೋಡ್ರಿ, ಕೇಳಿದ ಕೂಡ್ಲೆ.”

ದಫೇದಾರರ ಟೀ ಲೋಟ ಅರ್ಧದಲ್ಲೇ ನಿಂತಿತು.

ಚಂದ್ರಕ್ಕನನ್ನು ಕರೆಸಿ ಕೇಳಿದರು. ನಿಮ್ಮವ್ವ ನಿಮ್ಮಪ್ಪನ ಹೆಸರು ಹೇಳುತ್ತಿದ್ದಳೇ? ಅವಳಿಗೆ ನಗು ಬಂತು. ಆ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು. ಅಪ್ಪ ಸತ್ತು ಇಪ್ಪತ್ತು ವರ್ಷವಾದರೂ ಅವ್ವನ ಬಾಯಲ್ಲಿ ಆ ಹೆಸರು ಬಂದಿರಲಿಲ್ಲವಂತೆ. ರೇಷನ್ ಕಾರ್ಡಿನವರು ಬಂದಾಗ ಹೊಲದಲ್ಲಿದ್ದ ಚಂದ್ರಕ್ಕನನ್ನು ಕೂಗಿ ಕರೆಸಿ ಹೇಳಿಸಿದ್ದಳಂತೆ. ಪಕ್ಕದ ಬೀದಿಯಲ್ಲಿ ಅದೇ ಹೆಸರಿನ ಹುಡುಗನೊಬ್ಬನಿದ್ದ. ಅವನನ್ನು ‘ಏ ಮೂಲೆಮನೆಯೋನೆ’ ಅನ್ನುತ್ತಿದ್ದಳು. ಮನೆದೇವರಿಗೂ ಅದೇ ಹೆಸರಾದ್ದರಿಂದ ಕೈ ಮುಗಿಯುವಾಗಲೂ ಬರೀ ‘ದ್ಯಾವ್ರೇ’ ಅಂತಷ್ಟೆ. ಹೇಳುತ್ತ ಹೇಳುತ್ತ ಚಂದ್ರಕ್ಕನ ನಗು ನಿಂತಿತು.

“ಹಂಗಾದ್ರೆ ಬಂದೋಳು ಅವ್ವ ಅಲ್ವಾ ಸಾಬ್ರೇ?”

“ಅಲ್ಲ ತಂಗ್ಯವ್ವ, ನನ್ನ ಮಟ್ಟಿಗೆ ಅಲ್ಲ. ಆದ್ರೆ ಕೋರ್ಟಿಗೆ ಇದು ಬರೀ ಮಾತು. ಆ ಹೆಬ್ಬೆಟ್ಟು ಯಾರದು ಅಂತ ತೋರಿಸ್ಬೇಕು.”

ಅವಳನ್ನು ಊರಿಗೆ ಕಳಿಸಿ ದಫೇದಾರರು ನನ್ನ ಬೆಂಚಿಗೆ ಬಂದು ಕೂತರು. ಮಧ್ಯಾಹ್ನ. ಕಚೇರಿಯವರು ಊಟಕ್ಕೆ ಹೋಗಿದ್ದರು. ಹೆಸರು ಹೇಳಿದ್ದು ಸಿಕ್ಕಿತು, ಇನ್ನು ಅಲ್ಲಿ ನಡೆದ ಮಾತೆಲ್ಲ ಒಂದೂ ಬಿಡದೆ ನೀವೇ ಹೇಳಬೇಕು ಅಂದರು. ಬೆದರಿಸಲಿಲ್ಲ, ದಬಾಯಿಸಲಿಲ್ಲ. ಅದೇ ತಡೆಯಲಾಗಲಿಲ್ಲ ನನಗೆ. ಓದಿ ಹೇಳದೆ ಇದ್ದದ್ದು, ಆ ಸಾಲನ್ನು ಮೇಷ್ಟ್ರು ಹೇಳಿ ಬರೆಸಿದ್ದು, ಎಲ್ಲ ಕಕ್ಕಿದೆ. ತಲೆ ಎತ್ತಲಾರದೆ ಮೇಜಿನ ಮೇಲಿನ ಶಾಯಿ ಕಲೆ ನೋಡುತ್ತ ಹೇಳಿದೆ.

“ಚಂದ್ರಕ್ಕ ನನ್ನ ಮುಂದೇನೇ ಕೇಳಿದ್ಲಲ್ಲ?” ಎಂದರು.

“ಕೇಳಿದ್ಲು.”

“ಹೂಂ. ಮುಂದಕ್ಕೆ ಹೇಳ್ರಿ. ಅಧಿಕಾರಿ ಏನೇನು ಕೇಳಿದ್ರು?”

ಕೇಳಬೇಕಾದ್ದನ್ನೆಲ್ಲ ಕೇಳಿದ್ದರು. ಹೆಸರೇನಮ್ಮ? ನಿಂಗಕ್ಕ. ಗಂಡನ ಹೆಸರು? ಕಾಟಲಿಂಗಪ್ಪ. ಯಾವೂರು? ಹೊರಕೆರೆದೇವಪುರ. ನಿನ್ನನ್ನು ಗುರುತಿಸುವವರು ಯಾರು ಬಂದಿದ್ದಾರೆ, ಹೆಸರು ಹೇಳು. ಆಗ ಹೆಂಗಸು ಸುಮ್ಮನಾಯಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿತು. ಅಧಿಕಾರಿ ಮತ್ತೊಮ್ಮೆ ಕೇಳಿದರು. ಮಾತಿಲ್ಲ. ಕಣ್ಣು ಮಾತ್ರ ನನ್ನ ಕಡೆ ಬಂತು.

“ಆಗ?”

“ಆಗ ನಾನೇ ಹೇಳಿದೆ. ಬೋರಯ್ಯ ಮೇಷ್ಟ್ರು ಸಾರ್, ನಿವೃತ್ತ ಹೆಡ್ಮಾಸ್ಟರು ಅಂತ.”

“ನಿಮ್ಮನ್ನ ಯಾರು ಕೇಳಿದ್ರು?”

ಯಾರೂ ಕೇಳಿರಲಿಲ್ಲ. ಅದು ಕಸುಬಿನ ಚಾಳಿ. ಹೆಂಗಸರು ಯಾವುದಾದರೂ ಹೆಸರಿನ ಹತ್ತಿರ ತಡವರಿಸಿದರೆ ಪಕ್ಕದಲ್ಲಿರುವ ಪತ್ರ ಬರೆಯುವವನು ಹೇಳಿಬಿಡುತ್ತಾನೆ. ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಸಾವಿರ ಹೆಂಗಸರ ಪರವಾಗಿ ಹಾಗೆ ಹೇಳಿದ್ದೇನೋ! ನಾಲಗೆ ತಾನೇ ತಾನಾಗಿ ಹೊರಳುತ್ತದೆ. ಮನಸ್ಸಿಗೆ ಕೆಲಸವೇ ಇಲ್ಲ. ಅಧಿಕಾರಿಗೆ ಅನುಮಾನ ಬರಬೇಕಾಗಿದ್ದ ಆ ಒಂದು ಗಳಿಗೆಯನ್ನು ನಾನೇ ಅಳಿಸಿ ಹಾಕಿದ್ದೆ.

ದಫೇದಾರರು, ಮೇಷ್ಟ್ರಿಗೆ ಅಣ್ಣತಮ್ಮಂದಿರು ಎಷ್ಟು ಜನ, ಗಂಡುಮಕ್ಕಳಿದ್ದಾರಾ ಅಂತ ಕೇಳಿದರು. ತಮ್ಮಂದಿರಿಲ್ಲ, ಒಬ್ಬಳೇ ಮಗಳು ಅಂದೆ. ಕೊಡೆ ತೆಗೆದುಕೊಂಡು ಎದ್ದರು.

“ನಾಳೆ ಹೊಸದುರ್ಗಕ್ಕೆ ಹೋಗಾಣ. ಚಂದ್ರಕ್ಕನೂ ಬರ್ಲಿ.”

ಬಸ್ಸಿನಲ್ಲಿ ಚಂದ್ರಕ್ಕ ನನ್ನ ಮುಂದಿನ ಸೀಟಿನಲ್ಲೇ ಕೂತಿದ್ದಳು. ದಫೇದಾರರು ಅವಳಿಗೆ ಏನೂ ಹೇಳಿರಲಿಲ್ಲ. ನಾನು ಹೇಳಲಿ ಅಂತಲೇ ಬಿಟ್ಟಿದ್ದರೋ ಏನೋ. ಇನ್ನೊಂದು ಊರು ದಾಟಲಿ, ಹೇಳುತ್ತೇನೆ ಅಂದುಕೊಂಡೆ. ಊರುಗಳು ದಾಟಿದವು. ಹೊಸದುರ್ಗವೂ ಬಂತು.

ಮೇಷ್ಟ್ರು ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದರು. ಬಿಳಿ ಪಂಚೆ, ಬಿಳಿ ಜುಬ್ಬ, ಹಣೆಯಲ್ಲಿ ವಿಭೂತಿ. “ಬಾರಪ್ಪ ಶಿವಯ್ಯ” ಅಂದರು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅಷ್ಟೆಲ್ಲ ಗೊತ್ತಿದ್ದೂ ಕಾಲು ಮುಟ್ಟಿದೆ, ಅದೂ ಚಾಳಿಯೇ. ಒಳಗಿನಿಂದ ಅವರ ಹೆಂಡತಿ ಜಯಕ್ಕ ಬಾಗಿಲ ಸಂದಿಯಲ್ಲಿ ನೀರಿನ ಚೊಂಬು ಇಟ್ಟು ಹಿಂದಕ್ಕೆ ಸರಿದರು. ಶಾಲೆಯ ದಿನಗಳಲ್ಲೂ ನಾವು ಅವರನ್ನು ಕಂಡದ್ದು ಅಷ್ಟೇ, ಚೊಂಬು ಹಿಡಿದ ಒಂದು ಕೈ.

ದಫೇದಾರರು ಸುತ್ತಿ ಬಳಸಲಿಲ್ಲ.

“ಮೇಷ್ಟ್ರೇ, ಅವತ್ತು ಕಚೇರೀಲಿ ಕುಂತಿದ್ದ ಹೆಂಗಸು ನಿಂಗಕ್ಕ ಅಲ್ಲ.”

“ನಾನೇ ಗುರುತಿಸಿದೀನಲ್ಲಪ್ಪ?”

“ನೀವು ಗುರುತಿಸಿದ್ರಿ. ಆಕೆ ನಿಮ್ಮನ್ನ ಗುರುತಿಸ್ಲಿಲ್ಲ.”

ಮೇಷ್ಟ್ರು ಪೇಪರು ಮಡಿಚಿಟ್ಟರು.

“ಗಂಡನ ಹೆಸರು ಕಾಟಲಿಂಗಪ್ಪ ಅಂತ ಥಟ್ ಅಂತ ಅಂದ್ಲು,” ದಫೇದಾರರು ಮುಂದುವರಿಸಿದರು. “ಹಂಗಾಗಿ ಆಕೆ ಅವನ ಹೆಂಡ್ತಿ ಅಲ್ಲ. ತಮ್ಮನ ಹೆಂಡ್ತೀನೂ ಅಲ್ಲ, ಭಾವನ ಹೆಸರು ಅವರೂ ಹೇಳಲ್ಲ. ಬೋರಕ್ಕನ ಹೆಬ್ಬೆಟ್ಟು ನೋಡಿದ್ವಿ, ಕೂಡ್ಲಿಲ್ಲ. ಅಲ್ಲಿಗೆ ದಾರಿ ಮುಚ್ತು. ಆಮೇಲೆ ಗೊತ್ತಾಯ್ತು, ಅದೇ ಬಾಯಿ ಇನ್ನೊಂದು ಹೆಸರಿನ ಮುಂದೆ ಬಿಗಿದುಕೊಂತು ಅಂತ. ಅಧಿಕಾರಿ ಎರಡು ಸಲ ಕೇಳಿದ್ರು. ಬೋರಯ್ಯ ಅನ್ನೋಕಾಗ್ಲಿಲ್ಲ. ಹೇಳಿಕೊಟ್ಟ ಹೆಸರುಗಳನ್ನೆಲ್ಲ ಹೇಳಿದೋಳಿಗೆ ಇದೊಂದು ಯಾಕೆ ಬರ್ಲಿಲ್ಲ ಮೇಷ್ಟ್ರೇ? ನಿಮ್ಮ ಹೆಸರು ಹೇಳಬಾರ್ದ ಹೆಂಗಸ್ರು ಎಷ್ಟು ಜನ ಅವ್ರೆ? ತಮ್ಮಂದಿರಿಲ್ಲ, ನಾದಿನಿ ಇಲ್ಲ. ಮಗ ಇಲ್ಲ, ಸೊಸೆ ಇಲ್ಲ. ಉಳಿದೋರು ಒಬ್ರೇ.”

ಬೆಂಚಿನ ಮೇಲೆ ಎಲ್ಲವನ್ನೂ ಹೇಳಿದವನು ನಾನೇ, ಆದರೂ ಅಲ್ಲಿಯವರೆಗೆ ಯೋಚನೆ ಹರಿದಿರಲಿಲ್ಲ. ಹರಿಯಗೊಟ್ಟಿರಲಿಲ್ಲ ಅನ್ನಬೇಕು.

“ಏನಪ್ಪ ಇದು?” ಮೇಷ್ಟ್ರ ಧ್ವನಿ ಏರಲಿಲ್ಲ. “ನನ್ನ ಮನೆಯವಳು ಕಚೇರಿ ಮೆಟ್ಟಿಲು ಹತ್ತಿದವಳಲ್ಲ. ಶಿವಯ್ಯಾ, ನೀನು ಇದನ್ನ ಕೇಳಿಕೊಂಡು ಕೂತಿದ್ದೀಯಾ?”

ನಾನು ಕೂತಿದ್ದೆ.

“ಅಷ್ಟೇ ಆಗಿದ್ರೆ ಸುಲಭ,” ಎಂದರು ದಫೇದಾರರು. “ಅಮ್ಮಾರು ಒಂದು ಕಾಗದದ ಮೇಲೆ ರುಜು ಮಾಡಿ, ನಾನು ಹೋಗಿಲ್ಲ ಅಂತ ಬರೆದುಕೊಡ್ಲಿ. ಎದ್ದು ಹೋಗ್ತೀವಿ.”

ಮೇಷ್ಟ್ರು ಮಾತಾಡಲಿಲ್ಲ. ಆ ಮೌನದಲ್ಲಿ ನನಗೆ ಅರ್ಥವಾಯಿತು. ನಲವತ್ತು ವರ್ಷ ಮೂರು ತಾಲ್ಲೂಕಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮನುಷ್ಯ ತನ್ನ ಹೆಂಡತಿಗೆ ಹೆಸರು ಬರೆಯುವುದನ್ನು ಕಲಿಸಿರಲಿಲ್ಲ. ಅವರ ಮುಖ ನೋಡಲು ನನಗೇ ನಾಚಿಕೆಯಾಯಿತು.

ಬಾಗಿಲ ಹಿಂದಿನಿಂದ ಜಯಕ್ಕ ಹೊರಗೆ ಬಂದರು. ಎಡಗೈ ಮುಂದೆ ಚಾಚಿಕೊಂಡೇ ಬಂದರು.

“ಒತ್ತಿಸ್ಕಳ್ರಿ ಸಾಬ್ರೇ. ನಂದೇ.”

“ಒಳಗೆ ಹೋಗೇ,” ಎಂದರು ಮೇಷ್ಟ್ರು.

ಅವರು ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ನಿಧಾನವಾಗಿ ಹೇಳಿದರು. ದೊಡ್ಡವ್ವನ ಹೊಲ ನನ್ನ ಹೆಸರಿಗೆ ಮಾಡಿಸಿಕೊಡದಿದ್ದರೆ ನಿಮ್ಮ ಮಗಳನ್ನು ತವರಿಗೆ ಕಳಿಸಿ ಇನ್ನೊಂದು ಮದುವೆಯಾಗುತ್ತೇನೆ ಅಂತ ಮಾರಪ್ಪ ಕೂತುಬಿಟ್ಟಿದ್ದನಂತೆ. ಮಗಳು ಬಸುರಿ. ಉಪಾಯ ಹುಡುಕಿದವರು ಯಜಮಾನರು. ನೀನು ಏನೂ ಮಾಡಬೇಕಾಗಿಲ್ಲ, ಮೂರು ಮಾತು ಹೇಳಿ ಹೆಬ್ಬೆಟ್ಟು ಒತ್ತಿದರಾಯಿತು ಅಂದರಂತೆ.

“ಹೊಳಲ್ಕೆರೇಲಿ ಬಸ್ಸಿಳಿದ ಮ್ಯಾಲೆ ಬೇಲಿ ಮರೆಗೆ ಕರ್ಕೊಂಡೋಗಿ ಕುಂಕುಮ ಅಳಿಸ್ಕ ಅಂದ್ರು. ಬಳೆ ತಗಿ ಅಂದ್ರು. ಬಿಗಿಯಾಗಿದ್ವು, ಎರಡು ಒಡೆದ್ವು. ತಾಳಿ ಬಿಚ್ಚಿಸಿ ತಾವೇ ಜೇಬಿಗೆ ಹಾಕ್ಕೊಂಡ್ರು. ಗಂಡ ಪಕ್ಕದಾಗೆ ನಿಂತಿರುವಾಗ್ಲೇ ನಾನು ಮುಂಡೆಯಾಗಿ ಕುಂತಿದ್ದೆ ಸಾಬ್ರೇ.”

ಮೇಷ್ಟ್ರು ಕೈಯಿಂದ ಮುಖ ಮುಚ್ಚಿಕೊಂಡರು. ಮೂಲೆಯಲ್ಲಿ ಕೂತಿದ್ದ ಚಂದ್ರಕ್ಕ ಎದ್ದು ಜಯಕ್ಕನ ಹತ್ತಿರ ಬಂದಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಅವಳು ಕೇಳಿದ್ದು ಅದೇ ಮಾತು: ನಮ್ಮವ್ವ ನನ್ನ ಬಗ್ಗೆ ಹಾಗಂದಿದ್ದಳಾ?

“ನಿಮ್ಮವ್ವನ್ನ ನಾನು ಕಂಡೇ ಇಲ್ಲ ಕಣವ್ವ,” ಎಂದರು ಜಯಕ್ಕ. “ಅದ್ರಾಗೆ ನಿನ್ನ ಬಗ್ಗೆ ಏನು ಬರೆದವ್ರೆ ಅಂತಾನೂ ನಂಗೆ ಗೊತ್ತಿರ್ಲಿಲ್ಲ. ಯಾರೂ ಓದಿ ಹೇಳ್ಲಿಲ್ಲ.”

ಚಂದ್ರಕ್ಕ ನಿಂತಲ್ಲೇ ಕುಸಿದು ಕೂತು ಅತ್ತಳು. ಅವ್ವ ಸತ್ತಾಗ ಅಳಬೇಕಾಗಿದ್ದ ಅಳುವೂ ಅದರಲ್ಲಿತ್ತು.

ದಫೇದಾರರು ನನ್ನ ಕಡೆ ಕಾಗದ ತಳ್ಳಿದರು. ಹೇಳಿಕೆ ಬರೆದುಕೊಳ್ಳಬೇಕು. ಇದನ್ನು ವಕೀಲರು ಕೋರ್ಟಿಗೆ ಹಾಕುತ್ತಾರೆ, ಹೆಬ್ಬೆಟ್ಟು ಪುಸ್ತಕದ ಗುರುತಿನ ಜೊತೆ ಕೂಡಿದರೆ ಉಯಿಲು ಬಿದ್ದುಹೋಗುತ್ತದೆ ಅಂತ ಜಯಕ್ಕನಿಗೆ ತಿಳಿಸಿ ಹೇಳಿದರು. ಅವರು ತಲೆಯಾಡಿಸಿದರು.

“ಕಚೇರಿಗೆ ಕರ್ಕೊಂಡು ಹೋದೋರು ಯಾರು? ಹೆಸರು ಹೇಳ್ಬೇಕು ತಾಯಿ.”

ಜಯಕ್ಕ ಸೆರಗು ಬಾಯಿಗೆ ಹಿಡಿದರು. ನನ್ನ ನಾಲಗೆ ಆಗಲೇ ಹೊರಳಿತ್ತು. ದಫೇದಾರರು ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು. ಸುಮ್ಮನಾದೆ.

ಸೆರಗು ಕೆಳಗಿಳಿಯಿತು.

“ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗ್ತದೆ ಅಂತಾರೆ. ಬಳೆ ತಗಿಸಿದೋರಿಗೆ ಆ ಭಯ ಇರ್ಲಿಲ್ಲ, ನಂಗ್ಯಾಕೆ? ಬೋರಯ್ಯ. ಬರ್ಕಳ್ರಿ.”

ಬರೆದುಕೊಂಡೆ. ಗುರುಗಳ ಹೆಸರನ್ನು ಅವರು ಕಲಿಸಿದ ಅಕ್ಷರದಲ್ಲೇ ಬರೆದೆ.

“ಉಯಿಲು ಬರೆದೋನು ಯಾರು?”

ಜಯಕ್ಕ ನನ್ನನ್ನು ನೋಡಿದರು. ಗುರುತು ಹಿಡಿದಿದ್ದರು, ಸಂಶಯವಿಲ್ಲ. ಕಚೇರಿಯಲ್ಲಿ ನನ್ನ ಕಡೆ ತಿರುಗಿದ್ದ ಕಣ್ಣು ಅವೇ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅಯ್ಯೋ ಪಾಪ ಅನ್ನುವ ಹಾಗಿತ್ತು.

“ಗೊತ್ತಿಲ್ಲ ಸಾಬ್ರೇ. ಸೆರಗು ಹೊದ್ಕೊಂಡಿದ್ದೆ, ಮುಖ ಕಾಣ್ಲಿಲ್ಲ.”

ದಫೇದಾರರು ಕಿಟಕಿಯ ಕಡೆ ತಿರುಗಿ ಕೂತರು. ಗೊತ್ತಿಲ್ಲ ಅಂತ ಬರೆದು ಮುಗಿಸಿದ್ದರೆ ಮುಗಿದುಹೋಗುತ್ತಿತ್ತು. ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ಅವರ ಹೇಳಿಕೆಯ ಕೆಳಗೆ ಬೇರೆ ಸಾಲು ಹಿಡಿದು ಬರೆದೆ: ಉಯಿಲು ಬರೆದವನು ಶಿವಯ್ಯನಾದ ನಾನು. ಬರೆಸಿದವಳಿಗೆ ಓದಿ ಹೇಳಲಿಲ್ಲ. ಮಗಳ ನಡತೆಯ ಬಗ್ಗೆ ಇರುವ ಮಾತನ್ನು ಹೇಳಿ ಬರೆಸಿದವರು ಬೋರಯ್ಯನವರು. ಆ ಹೆಂಗಸಿನ ಬಾಯಿಂದ ಅದು ಬರಲಿಲ್ಲ. ಅದು ನನಗೆ ಅಂದೇ ತಿಳಿದಿತ್ತು.

ಆಮೇಲೆ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಜಯಕ್ಕ ಹೆಬ್ಬೆಟ್ಟು ಒತ್ತಿದರು. ಬಿಲ್ಲಿನ ಹಾಗೆ ಬಾಗಿದ ಗೆರೆ.

ಚಂದ್ರಕ್ಕ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಅವತ್ತು ಮರದ ಕೆಳಗೆ ನಿಮ್ಮನ್ನ ಕೇಳಿದ್ನಲ್ಲಣ್ಣಾ,” ಎಂದಳು. “ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ತಾಯಿ,” ಎಂದೆ.